ಮೂರನೆಯ ಭಾನುವಾರ

ಮೂಡುಬಿದಿರೆ
೧೬–೧೧–೧೯೭೮

ಆತ್ಮೀಯ ಮಿತ್ರರಾದ ಕೇಶವಪ್ರಸಾದರಿಗೆ,

ವಂದನೆಗಳು. ತಮ್ಮ ಕಾಗದ ತಲುಪಿ ತಿಂಗಳಾಯಿತು. ತಡಮಾಡಲು ನೆವಗಳಿದ್ದವು, ಕಾರಣವಿರಲಿಲ್ಲ, ಮನ್ನಿಸಬೇಕು. ತಮ್ಮ ಮಗಳು ವಾಗ್ದೇವಿಗೆ ಸಿದ್ಧಕಟ್ಟೆಯಲ್ಲೇ ಉಪಾಧ್ಯಾಯ ವೃತ್ತಿ ದೊರೆತುದು ಸಂತೋಷ.

ನಮ್ಮ ಕ್ರೈಸ್ತ ಸಭೆಯವರಲ್ಲಿ ಆಡಲಾಗದ ಮಾತೊಂದನ್ನು ತಮ್ಮಲ್ಲಿ ಆಡುತ್ತಿದ್ದೇನೆ. ನನ್ನ ಕೈಹಿಡಿಯುವ ಮೊದಲು ಕಾಂತಿಗೆ ನಥಾನಿಯೇಲನೆಂಬವನೊಡನೆ ಮದುವೆ ನಿಶ್ಚಯವಾಗಿತ್ತು. ನಮ್ಮಲ್ಲಿ ಮೂರು ಭಾನುವಾರ ದೇವಾಲಯದಲ್ಲಿ ವಧೂವರರ ಹೆಸರನ್ನು ಓದಿ, ಆಕ್ಷೇಪವುಂಟೇ ಎಂದು ಕೇಳುವ ಪದ್ಧತಿ. ಮೂರನೆಯ ಭಾನುವಾರ ಕಳೆದ ಮರುದಿನವೇ ಅವನು ಘಟ್ಟ ಹತ್ತಿ ಕಾಣೆಯಾದ. ಮರುವರ್ಷ ಅದೇ ದೇವಾಲಯದಲ್ಲಿ ಅವಳ ಹೆಸರಿನೊಡನೆ ನನ್ನ ಹೆಸರನ್ನು ಓದಿದರು.

ಆ ನಥಾನಿಯೇಲ ಈಗ ಮುದುಕನಾಗಿ ಬೆಳ್ತಂಗಡಿಗೆ ಮರಳಿದ್ದಾನೆ. ಕಳೆದ ಶನಿವಾರ ನಮ್ಮ ಜಗಲಿಗೇ ಬಂದ. ಮರುದಿನ ನಮ್ಮ ದೇವಾಲಯದಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆ. ತಾನು ನೋಯಿಸಿದವಳೊಡನೆ ಸಮಾಧಾನವಾಗದೆ ಆ ರೊಟ್ಟಿಯನ್ನು ಮುಟ್ಟಬಾರದೆಂದು ಇಷ್ಟು ವರ್ಷ ದೂರವೇ ಉಳಿದಿದ್ದನಂತೆ.

"ಕಾಂತಿಯವರೇ, ನಾನು ಹೆದರಿ ಓಡಿದವ. ನಿಮ್ಮದೇನೂ ತಪ್ಪಿಲ್ಲ ಅಂತ ಅವತ್ತೇ ಹೇಳಬೇಕಿತ್ತು," ಎಂದು ಕೈಮುಗಿದ.



"ನನ್ನಲ್ಲಿ ಏನೋ ಕುಂದುಂಟು ಅಂತ ಊರೆಲ್ಲ ಹೇಳಿತು. ನಾನೂ ನಂಬಿದೆ," ಎಂದಳು ಕಾಂತಿ. "ಯೇಸು ನನ್ನನ್ನು ಕ್ಷಮಿಸಿದ್ದಾನೆ. ನಿಮ್ಮ ತಪ್ಪನ್ನು ಹಿಡಿದಿಟ್ಟು ನಾನೇನು ಮಾಡಲಿ? ಇನ್ನು ಅದನ್ನು ಹೊರಬೇಡಿ. ಕೈಕಾಲು ತೊಳೆಯಿರಿ, ಊಟ ಮಾಡುವ."

ಅವನು ಅತ್ತ. ಅನಂತರ ಎರಡು ಬಾರಿ ಮೀನಿನ ಸಾರು ಹಾಕಿಸಿಕೊಂಡು ಉಂಡ. ಪಾಪದ ಹೊರೆ ಇಳಿದವನಿಗೆ ಅಷ್ಟು ಹಸಿವಾಗುವುದೆಂದು ನನಗೆ ತಿಳಿದಿರಲಿಲ್ಲ.

ಅವನು ಹೋದ ಮೇಲೆ ಕಾಂತಿ ಕೆಣಕಿದಳು: "ಎಂಥದು ಮಾರಾಯರೇ, ಮುಖ ಯಾಕೆ ಹಾಗೆ? ಅವರಿಗೆ ದೊಡ್ಡ ತುಂಡು ಹಾಕಿದೆ ಅಂತಲಾ?"

ಮಿತ್ರರೇ, ಇದು ಮತ್ಸರ, ಬೇರೆ ಹೆಸರಿಡಲಾರೆ. ಅವಳ ಎದೆಯಲ್ಲಿ ಅವನು ನೆಟ್ಟ ಮುಳ್ಳನ್ನು ಅವನೇ ಬಂದು ಒಂದು ಮಾತಿನಿಂದ ಕಿತ್ತ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಅಲ್ಲಿ ಮುಳ್ಳಿದ್ದುದೇ ಕಾಣಲಿಲ್ಲ.

ಭಾನುವಾರ ಅವನು ಎಲ್ಲರಿಗಿಂತ ಮುಂದೆ ಮಂಡಿಯೂರಿದ. ಒಮ್ಮೆಯೂ ಆ ಭೋಜನ ತಪ್ಪಿಸದ ನಾನು ಆಸನ ಬಿಟ್ಟು ಏಳಲಿಲ್ಲ. ಕಾಂತಿ ಹಿಂತಿರುಗಿ ನೋಡಿದಳು.

ವಾಗ್ದೇವಿಗೆ ನನ್ನ ಆಶೀರ್ವಾದ. ದೇವರು ತಮ್ಮೆಲ್ಲರನ್ನು ಕಾಪಾಡಲಿ.

ತಮ್ಮ ವಿಶ್ವಾಸಿ,
ಎಲೀಶ

ಮರೆತ ಮಾತು: ಇಂದು ಬೆಳಗ್ಗೆ ಒಲೆಯ ಮುಂದೆ ಕಾಂತಿ ಹಾಡಿಕೊಳ್ಳುತ್ತಿದ್ದಳು. ದೇವಾಲಯದಲ್ಲಿ ಅವಳು ತುಟಿಯಾಡಿಸುವುದನ್ನು ಮಾತ್ರ ಕಂಡಿದ್ದ ನಾನು, ಅವಳಿಗೆ ಹಾಡು ಬಾರದೆಂದೇ ತಿಳಿದಿದ್ದೆ. ಎಂಥ ಕಂಠ ಅದು. ಬಾಗಿಲ ಈಚೆಯೇ ನಿಂತೆ. ಒಳಗೆ ಹೋದರೆ ನಿಲ್ಲಿಸಿಬಿಟ್ಟಾಳೆಂದು ಭಯವಾಯಿತು.