ಕೆನ್ನೆಯ ಸ್ವಿಚ್ಚು

ಫೆಬ್ರವರಿ 4, ಬೆಳಿಗ್ಗೆ

ಸ್ವಿಚ್ಚು ಎಡಕ್ಕೆ ಜರುಗಿತ್ತು. ಹತ್ತಿಯಲ್ಲಿ ಒರೆಸಿ, ತಂಗಿಯ ಕೆನ್ನೆಗೆ ತಾಗುವಂತೆ ಕಂಬಿ ಬಗ್ಗಿಸಿದೆ. ಕಣ್ಣು ಮೇಲೆತ್ತಿದಳು. ಅಂದರೆ ಹೂಂ. ಕಂಪ್ಯೂಟರ್ ಎಂದಿನಂತೆ ಕೆಮ್ಮಿ, ನರಳಿ, ಎದ್ದು ಕೂತಿತು. ಅಕ್ಷರಮಣೆ ಬಂತು. ಅಕ್ಷರಗಳ ಮೇಲೆ ಬೆಳಕು ಓಡುತ್ತದೆ, ಬೇಕಾದ್ದು ಬಂದಾಗ ಕೆನ್ನೆ ಒತ್ತುತ್ತಾಳೆ. ಕುತ್ತಿಗೆಯಿಂದ ಕೆಳಗೆ ಯಾವುದೂ ಅವಳ ಮಾತು ಕೇಳುವುದಿಲ್ಲ. ನಾಲಿಗೆಯೂ ಕೇಳುವುದಿಲ್ಲ. ಆ ಕೆನ್ನೆಯೊಂದು ಕೇಳುತ್ತದೆ.

ಚದುರಂಗದ ಸೈಟು ತೆರೆದರೆ ಮೇಲೊಂದು ಹಳದಿ ಪಟ್ಟಿ. ನಿಮ್ಮ ಬ್ರೌಸರ್ ಹಳೆಯದು, ಏಪ್ರಿಲ್‌ನಿಂದ ಇದರಲ್ಲಿ ಈ ತಾಣ ತೆರೆಯುವುದಿಲ್ಲ.

"ಇದೇನಿದು?" ಅಂದೆ.

ಬರೆದಳು — "ಬ್ರೌಸರ್ ಮುದಿ ಆಯ್ತಂತೆ. ನಿಧಾನಕ್ಕೆ ನಿಂಗೂ ಸರದಿ ಬರುತ್ತೆ."

ಮೂಲೆಯ ಗುಣಾಕಾರ ಚಿಹ್ನೆ ಒತ್ತಿದೆ. ಪಟ್ಟಿ ಹೋಯಿತು. ಹೊಲಿಗೆ ಮಷೀನ್ ಮುಂದೆ ಕೂತು ಗಿರಾಕಿಯ ಕೋಟಿನ ಅಸ್ತರ್ ಬಿಚ್ಚಿದೆ.

ಫೆಬ್ರವರಿ 11

ಪಟ್ಟಿ ಹೋಗುತ್ತಿಲ್ಲ. ಒತ್ತಿದರೂ ಕೂತೇ ಇದೆ, ಕರೆಯದೆ ಬಂದ ನೆಂಟನ ಹಾಗೆ.

ಪತ್ರಿಕೆಯ ಸೈಟು ಇವತ್ತು ಬರೀ ಬಿಳಿ. ಮೇಲ್ ಹೋದ ವರ್ಷವೇ ಹೋಗಿತ್ತು. ಹಾಡಿನದು ಅದಕ್ಕೂ ಮುಂಚೆ. ಒಂದೊಂದೇ ಕಿಟಕಿ ಮುಚ್ಚುತ್ತಾ ಬಂದು ಈಗ ಉಳಿದಿರುವುದು ಚದುರಂಗ. ಅದರಲ್ಲಿ ಬೇಕರಿಯವಳು.

ಯಾವುದೋ ದೂರದ ಊರಿನವಳು. ವರ್ಷಗಳಿಂದ ಇವರಿಬ್ಬರದೂ ಆಟ, ಪಕ್ಕದಲ್ಲಿ ಹರಟೆ. ಇವಳಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಿಲ್ಲ. "ನೀವು ತುಂಬಾ ಯೋಚನೆ ಮಾಡಿ ಮಾತಾಡ್ತೀರಿ" ಎಂದು ಒಮ್ಮೆ ಬರೆದಿದ್ದಳಂತೆ. ತಂಗಿ ಆ ಸಾಲನ್ನು ನನಗೆ ತೋರಿಸಿದಳು. ಅದೊಂದನ್ನೇ. ಉಳಿದ ಹರಟೆ ಶುರುವಾದರೆ ಪರದೆಯ ಮೇಲೆ ದೊಡ್ಡದಾಗಿ — "ಅಕ್ಕ, ಮಷೀನ್ ಕಡೆ ತಿರುಗು."

ತಿರುಗುತ್ತೇನೆ. ಹಿಂದೆ ಟಿಕ್… ಟಿಕ್… ನಡುವೆ ಗಂಟಲಿನಿಂದ ಒಂದು ಸದ್ದು. ನಗುವುದು ಹಾಗೆ.

ಫೆಬ್ರವರಿ 20, ಸಂಜೆ

ರಿಪೇರಿಯವರು ಬಂದಿದ್ದರು. ಡಬ್ಬ ಬಿಚ್ಚಿ, ಧೂಳು ಊದಿ, ತುಂಬ ಹೊತ್ತು ಕೂತರು.

"ಹೊಸ ಬ್ರೌಸರ್ ಹಾಕೋಕೆ ಈ ಸಿಸ್ಟಮ್ ಬಿಡಲ್ಲ. ಹೊಸ ಸಿಸ್ಟಮ್ ಹಾಕಿದ್ರೆ ನಿಮ್ಮ ಅಕ್ಷರಮಣೆ ಓಡಲ್ಲ."

"ನಮಗೆ ಎರಡೂ ಬೇಕಲ್ಲ?"

"ಎರಡೂ ಬೇಕು ಅಂದ್ರೆ ಮಣೆ ಮಾಡಿದವರನ್ನೇ ಹಿಡೀಬೇಕು ಮೇಡಂ."

ಎತ್ತು ಏರಿಗೆ, ಕೋಣ ನೀರಿಗೆ. ಸ್ವಿಚ್ಚಿನ ಪೆಟ್ಟಿಗೆಯ ತಳದಲ್ಲಿ ಕಂಪನಿಯ ನಂಬರ್ ಇತ್ತು. ಅವರ ಎದುರಿಗೇ ಫೋನ್ ಮಾಡಿದೆ. ಎತ್ತಿದ್ದು ಪರದೆ ಅಂಗಡಿ. ಕಿಟಕಿ ಪರದೆ! ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತಂತೆ. "ನಿಮಗೆ ಯಾವ ಅಳತೆ ಬೇಕು?" ಎಂದು ಅಂಗಡಿಯವನು ಬಿಡದೆ ಕೇಳಿದ. ತಂಗಿಗೆ ಹೇಳಿದರೆ ಗಂಟಲಿನ ಸದ್ದು ಬಂತು. ನನಗೆ ನಗು ಬರಲಿಲ್ಲ.

ಮಾರ್ಚ್ 2

ರಿಪೇರಿಯವರು ಅಂಗಡಿಯಿಂದ ಹೊಸ ಲ್ಯಾಪ್‌ಟಾಪ್ ತಂದಿದ್ದರು. ತಂತಿಗೆ ಏನೋ ಜೋಡಿಸಿದರು. ಮಣೆ ತೆರೆಯಿತು! ನಾನು ಚಪ್ಪಾಳೆ ತಟ್ಟಿಬಿಟ್ಟೆ, ಪೆದ್ದಿ. ಬೆಳಕು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಅ. ತಂಗಿ ಒತ್ತಿದಳು. ಅಅ. ಮತ್ತೆ ಒತ್ತಿದಳು. ಅಅಅಅಅ — ಪರದೆ ತುಂಬ. ಕೆನ್ನೆ ಕೆಂಪಾಯಿತು. ಬಿಡು ಅಂದರೂ ಒತ್ತುತ್ತಲೇ ಇದ್ದಳು.

ಕೊನೆಗೆ ಅವರೇ ತಂತಿ ಕಿತ್ತರು. ಚಹಾ ಕುಡಿಯದೆ ಹೋದರು.

ಮಾರ್ಚ್ 12

ಆಸ್ಪತ್ರೆಯಲ್ಲಿ ಕಣ್ಣಿನ ಕ್ಯಾಮೆರಾ ಪರೀಕ್ಷೆ. ನೋಡಿದ ಅಕ್ಷರವನ್ನು ಅದೇ ಹಿಡಿಯುತ್ತದೆ. ಆದರೆ ಕಣ್ಣು ನಿಲ್ಲಬೇಕು. ಇವಳದು ನಿಲ್ಲುವುದಿಲ್ಲ, ಅದುರುತ್ತದೆ. "ಇನ್ನೊಂದ್ಸಲ ನೋಡೋಣ" ಅಂದರು ಥೆರಪಿಯವರು. ಇನ್ನೊಂದು ಸಲ. ಇನ್ನೊಂದು… "ಮುಂದೆ ಒಳ್ಳೊಳ್ಳೆ ಮಾಡೆಲ್ ಬರ್ತವೆ, ಧೈರ್ಯವಾಗಿರಿ." ಬೇರೆ ಸ್ವಿಚ್ಚು, ಬೇರೆ ಮಣೆಗೆ ಹೆಸರು ಬರೆಸಿದ್ದೇವೆ. ಮುಂದಿನ ವರ್ಷ ಕರೆಯುತ್ತಾರಂತೆ.

ಮನೆಗೆ ಬಂದು ಬರೆದಳು — "ಕುಡಿದವರ ಹಾಗೆ ತೂರಾಡ್ತವಂತೆ ನನ್ನ ಕಣ್ಣು. ಕುಡಿದಾದ್ರೂ ಇದ್ದಿದ್ರೆ!"

ಮಾರ್ಚ್ 19

ಸೈಟಿನವರಿಗೆ ನನ್ನ ಫೋನಿನಿಂದ ಬರೆದೆ. ಎಲ್ಲ ವಿವರಿಸಿ, ದಮ್ಮಯ್ಯ ಎನ್ನುವುದೊಂದು ಬಾಕಿ. ಉತ್ತರ — ದಯವಿಟ್ಟು ಬೇರೆ ಸಾಧನದಿಂದ ಪ್ರಯತ್ನಿಸಿ. ಬೇರೆ ಸಾಧನದಿಂದ ಆಗುವುದಿಲ್ಲ ಎಂದೇ ಬರೆದದ್ದು ಎಂದು ಮತ್ತೆ ಬರೆದೆ. ಉತ್ತರ — ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ, ನಮ್ಮ ಸೇವೆಗೆ ನಕ್ಷತ್ರ ಕೊಡಿ.

ಗೋಡೆಗೆ ಹೇಳಿದ್ದರೆ ಗೋಡೆ ನಕ್ಷತ್ರವನ್ನಾದರೂ ಕೇಳುತ್ತಿರಲಿಲ್ಲ.

ಮಾರ್ಚ್ 28, ಮಧ್ಯಾಹ್ನ

ಕೇಳಿದೆ. "ಬೇಕರಿಯವಳಿಗೆ ಹೇಳಿಬಿಡೋಣ್ವಾ? ಹೀಗೀಗೆ ಅಂತ? ಸುಮ್ಮನೆ ಮಾಯ ಆದ್ರೆ ಅವಳೇನಂದ್ಕೋತಾಳೆ?"

ಕಣ್ಣು ಕೆಳಗೆ. ಬೇಡ.

"ಯಾಕೆ ಬೇಡ? ಅದ್ರಲ್ಲಿ ನಾಚಿಕೆ ಏನು?"

ಬರೆಯಲು ಶುರು ಮಾಡಿದಳು. ನಾನು ಒಂದು ಪ್ಯಾಂಟಿನ ಎರಡೂ ಕಾಲಿನ ಅಂಚು ಹೊಲಿದು ಮುಗಿಸಿ ತಿರುಗಿದರೆ ಪರದೆಯ ಮೇಲೆ ಇಷ್ಟಿತ್ತು — "ನಿಂಗೆ ನಾನು ಗಂಜಿ, ಗುಳಿಗೆ, ಬೆನ್ನಿನ ಹುಣ್ಣು. ಅವಳೊಬ್ಬಳಿಗೆ ಬರೀ ನಾನು."

ಅಡುಗೆಮನೆಗೆ ಹೋದೆ. ನಲ್ಲಿ ಬಿಟ್ಟುಕೊಂಡು ನಿಂತೆ.

ನಿಜವನ್ನೇ ಹೇಳಿದ್ದಾಳೆ. ಅದಕ್ಕೇ ಉರಿ.

ಏಪ್ರಿಲ್ 1

ಬೂದು ಪುಟ. ನಡುವೆ ಮುರಿದ ಪ್ಲಗ್ಗಿನ ಚಿತ್ರ. ಯಾರೋ ಮುದ್ದಾಗಿ ಬರೆದಿದ್ದಾರೆ, ಪ್ಲಗ್ಗಿಗೆ ಕಣ್ಣೂ ಇದೆ.

ಆಟ ಅರ್ಧದಲ್ಲಿತ್ತು. ಇವಳ ನಡೆ ಬಾಕಿ.

ಕಂಪ್ಯೂಟರಿಗೆ ಏನೂ ಆಗಿಲ್ಲ. ಮಣೆ ಓಡುತ್ತದೆ. ನನಗೆ ಎಷ್ಟು ಬೇಕಾದರೂ ಬೈಯಬಹುದು. ಈ ಕೋಣೆಯಿಂದಾಚೆ ಒಂದಕ್ಷರ ಹೋಗುವುದಿಲ್ಲ, ಅಷ್ಟೇ.

ಏಪ್ರಿಲ್ 6

ಐದು ದಿನ ಏನೂ ಬರೆಯಲಿಲ್ಲ ಅವಳು. ಇವತ್ತು — "ನಿನ್ನ ಫೋನಲ್ಲಿ ಆಡು. ನಾನು ಹೇಳಿದ ಹಾಗೆ. ನನ್ನ ಹೆಸರಲ್ಲಿ."

ಆಯಿತು! ಇಷ್ಟು ಸುಲಭದ ದಾರಿ. ಅವಳು ನಡೆಯನ್ನು ಅಕ್ಷರಮಣೆಯಲ್ಲಿ ಬರೆಯುತ್ತಾಳೆ, ನಾನು ಫೋನಿನಲ್ಲಿ ಕಾಯಿ ಸರಿಸುತ್ತೇನೆ. ಬೇಕರಿಯವಳು — "ಅಬ್ಬಾ, ಬಂದ್ರಲ್ಲ! ಒಲೆ ಆರಿಸಿ ಓಡಿ ಬಂದೆ. ಎಲ್ಲಿ ಹೋಗಿದ್ರಿ?"

ಜೋರಾಗಿ ಓದಿದೆ. ತಂಗಿ ಉತ್ತರ ಬರೆದಳು — "ಪ್ಲಗ್ಗು ಮುರಿದಿತ್ತು." ಬೋಳುಬೋಳಾಗಿ ಕಂಡಿತು. ಮುಂದೆ "ನಮಸ್ಕಾರ", ಹಿಂದೆ "ಕ್ಷಮಿಸಿ, ತಡವಾಯಿತು" ಸೇರಿಸಿ ಕಳಿಸಿದೆ.

ಅವಳ ಮುಖ!

"ನಾನು ಹಾಗೆ ಬರೆಯಲ್ಲ."

ಏಪ್ರಿಲ್ 15

ಮಷೀನ್ ಕಡೆ ತಿರುಗು ಎನ್ನುವುದಿಲ್ಲ ಈಗ. ತಿರುಗಿದರೆ ಕಳಿಸುವವರು ಯಾರು? ಹರಟೆ ನಿಂತಿದೆ. ಬರೀ ನಡೆ. ಕುದುರೆ ಇಲ್ಲಿಗೆ, ರಾಣಿ ಅಲ್ಲಿಗೆ. ಬೇಕರಿಯವಳು ಮಗಳ ಜಗಳ, ಸೀದುಹೋದ ಬ್ರೆಡ್ಡು, ಮೊಣಕಾಲಿನ ನೋವು ಎಲ್ಲ ಬರೆಯುತ್ತಾಳೆ. ಓದುತ್ತೇನೆ. ತಂಗಿ ಗೋಡೆ ನೋಡುತ್ತಾಳೆ.

"ಏನಾದ್ರೂ ಬರಿಯೇ" ಅಂದೆ. "ನಾನು ಓದಲ್ಲ, ಕಣ್ಮುಚ್ಚಿ ಕಳಿಸ್ತೀನಿ."

ಎಂಥ ಮಾತು ಆಡಿದೆ. ಕಣ್ಮುಚ್ಚಿ ಹೇಗೆ ನಕಲು ಮಾಡುವುದು?

ಇವತ್ತು ಕುದುರೆಯನ್ನು ಪಕ್ಕದ ಮನೆಗೆ ಇಟ್ಟುಬಿಟ್ಟೆ. ಫೋನ್ ಚಿಕ್ಕದು, ಹೆಬ್ಬೆರಳು ದಪ್ಪ. ವಾಪಸ್ ತೆಗೆಯಲಾಗಲಿಲ್ಲ. ಗೆಲ್ಲುವ ಆಟ ಸೋತಳು. ಬೈದಿದ್ದರೆ ಎಷ್ಟೋ ವಾಸಿ.



ಏಪ್ರಿಲ್ 30, ಸಂಜೆ

ಬೇಕರಿಯವಳು ಇವತ್ತು ಕಾಯಿ ಮುಟ್ಟಲಿಲ್ಲ. ಬರೆದಳು — "ಬೇಜಾರು ಮಾಡ್ಕೋಬೇಡಿ. ಇದು ಅವರಲ್ಲ. ಅವರ ಮಾತು ನಂಗೊತ್ತು. ನೀವು ಯಾರು?"

ಓದಿದೆ. ತಂಗಿ ಕಣ್ಣು ಮುಚ್ಚಿದಳು. ನಾನೇ ಎಲ್ಲ ಬರೆದುಬಿಡಬಹುದಿತ್ತು, ಬೆರಳ ತುದಿಗೆ ಬಂದಿತ್ತು. ಬರೆಯಲಿಲ್ಲ. ಕಾದೆ. ಕೊನೆಗೆ ಟಿಕ್ ಟಿಕ್ — "ಅಕ್ಕ ಅಂತ ಹೇಳು."

"ನಿಜವಾಗ್ಲೂ?"

ಕಣ್ಣು ಮೇಲೆ.

"ನಾನು ಅವಳ ಅಕ್ಕ" ಎಂದು ಕಳಿಸಿದೆ. ಏನೂ ಸೇರಿಸಲಿಲ್ಲ. ತಕ್ಷಣ ಬಂತು — "ಅವರು ಎಲ್ಲಿ?"

ಅದನ್ನೂ ಓದಿದೆ. ಈಗ ಉತ್ತರ ಬರೆಯುತ್ತಿದ್ದಾಳೆ. ಮುಖ ನೋಡುತ್ತಾ ಕೂತರೆ ಅವಳಿಗೆ ಕಿರಿಕಿರಿ, ಅದಕ್ಕೆ ಈ ಡೈರಿ ತೆಗೆದೆ. ಫೋನು ತೊಡೆಯ ಮೇಲೆ. ಪರದೆಯ ಮೇಲೆ —

ಇ

ಬೆಳಕು ನಿಧಾನವಾಗಿ ಸಾಲು ಇಳಿಯುತ್ತಿದೆ. ಟಿಕ್. ಇಲ್. ಮತ್ತೆ ಸುತ್ತು. ಟಿಕ್.

ಇಲ್ಲ

ಇಲ್ಲಿಗೇ ನಿಲ್ಲಿಸಬಹುದು. ಅವಳು ಇಲ್ಲ. ಎಲ್ಲ ಮುಗಿಯುತ್ತದೆ, ಬೇಕರಿಯವಳು ಎರಡು ದಿನ ಅತ್ತು ಸುಮ್ಮನಾಗುತ್ತಾಳೆ. ಇಲ್ಲವೇ ಒಂದು ಏತ್ವ. ಇಲ್ಲೇ.

ಬೆಳಕು ಗುಣಿತದ ಸಾಲಿಗೆ ಬಂತು. ಏತ್ವ ದಾಟಿತು. ಕೆನ್ನೆ ಅಲ್ಲಾಡಲಿಲ್ಲ. ತಪ್ಪಿತೋ, ಬಿಟ್ಟಳೋ? ಕೇಳಬಾರದು. ನಾನು ಕೇಳಬಾರದು. ಫೋನು ತೊಡೆಯ ಮೇಲೆ ಅದುರಿತು — "ಇದ್ದೀರಾ?"

ಬೆಳಕು ಮತ್ತೆ ಸಾಲಿನ ಮೊದಲಿಗೆ ಬಂದಿದೆ. ತಂಗಿ ಉಸಿರು ಹಿಡಿದಿದ್ದಾಳೆ. ಕೆನ್ನೆ —