ಮೇಜಿನ ಮೇಲಿನ ಸಾಲು

ಮಾರ್ಚ್ 14, ಗುರುವಾರ

ವಾರ್ನಿಷ್ ಒಣಗಿಬಿಟ್ಟಿದೆ. ಇನ್ನು ಆ ಅಕ್ಷರಗಳನ್ನು ಕೆರೆದು ತೆಗೆಯುವಂತಿಲ್ಲ.

ಅಕ್ಕನ ಹೊಲಿಗೆ ಅಂಗಡಿಗೆಂದು ತಂದ ಹಳೇ ಮೇಜನ್ನು ನಾನೇ ಮರಳುಕಾಗದದಿಂದ ಉಜ್ಜಿ, ಎರಡು ಸಲ ಬಿಳಿ ಬಣ್ಣ ಬಳಿದು, ಚಿತ್ರ ಅಚ್ಚೊತ್ತುವ ಹೂಬಳ್ಳಿಯ ಟ್ರಾನ್ಸ್‌ಫರ್ ಹಾಳೆ ಒತ್ತಿದ್ದೆ. ಹಾಳೆ ಸುಲಿದಾಗ ಬಳ್ಳಿಯ ನಡುವೆ ಫ್ರೆಂಚಿನ ಒಂದು ಸಾಲೂ ಮೂಡಿತ್ತು.

“ಏನೇ ಬರೆದಿದೆ ಇದರಲ್ಲಿ? ನೀನು ಓದಿದೋಳಲ್ವಾ?” ಅಂದಳು ಅಕ್ಕ.

ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. “ಬಂದೋರು ನಗುನಗ್ತಾ ಹೋಗ್ಲಿ ಅಂತ” ಎಂದುಬಿಟ್ಟೆ.

ಸಂಜೆ ಭಾವ ಎಂದಿನಂತೆ ನನ್ನ ಡಿಗ್ರಿಯ ಮಾತೆತ್ತಿದರು. “ಕಥೆ ಕವನ ಓದಿ ಏನಮ್ಮ ಬಂತು, ಕೊನೆಗೆ ಬಣ್ಣ ಬಳಿಯೋ ಕೆಲಸ ತಾನೇ?”

ಅಕ್ಕ ಬಾಯಲ್ಲಿದ್ದ ಸೂಜಿ ತೆಗೆದಳು. “ನಿಮಗೆ ಓದೋಕೆ ಬಂತಾ ಇದು? ಅವಳಿಗೆ ಬಂತು. ಅಂಗಡಿ ಬೋರ್ಡಿನ ಮೇಲೂ ಇದನ್ನೇ ಬರೆಸ್ತೀನಿ.”

ನನ್ನ ಪರವಾಗಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು.

ಆಮೇಲೆ ಆ ಸಾಲಿನ ಅರ್ಥವನ್ನು ಫೋನಿನಲ್ಲಿ ಹುಡುಕಿದೆ. ಅದು ಯಾವುದೋ ಕಾಲದ ಇಲಿ ಪಾಷಾಣದ ಜಾಹೀರಾತು. ಒಂದು ಗಳಿಗೆ ನಗು ಬಂತು, ಮರುಗಳಿಗೆಯೇ ಅಕ್ಕ ಹೇಳಿದ ಬೋರ್ಡು ನೆನಪಾಯಿತು.

ಬೆಳಿಗ್ಗೆ ಬೋರ್ಡು ಬರೆಯುವವರು ಬರುತ್ತಾರೆ. ಅಷ್ಟರೊಳಗೆ ಹೇಳಬೇಕು. ಭಾವನ ಎದುರಿಗಲ್ಲ, ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ. ಅಕ್ಕಾ, ನನಗೆ ಆ ಭಾಷೆ ಬರಲ್ಲ ಕಣೇ, ಸುಳ್ಳು ಹೇಳಿದೆ.