ಬಳಗದವರು ತಂದ ನಿರ್ಣಯ

ಕದರಮಂಡಲಗಿ,
೧೩ ಫೆಬ್ರುವರಿ ೨೦೨೫, ಗುರುವಾರ

ಪುಣೆಯ ಆಸ್ಪತ್ರೆಯಲ್ಲಿ ಕಾಲು ಚಾಚಿಕೊಂಡು ಮಲಗಿರುವ ನಮ್ಮ ಮನೆಯವರಿಗೆ ರೇಣುಕವ್ವ ಮಾಡುವ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಬಾವು ಇಳಿದಿದೆ, ಬರುವ ವಾರ ಹೊಲಿಗೆ ಬಿಚ್ಚುತ್ತಾರೆ ಎಂದು ಮೈದುನ ಪರಮೇಶಪ್ಪ ಹೇಳಿದ. ಡಾಕ್ಟರು ಎಷ್ಟು ಹೆಜ್ಜೆ ನಡೆ ಎನ್ನುತ್ತಾರೋ ಅಷ್ಟೇ ನಡೆಯಿರಿ. ‘ನಾ ಫೌಜಿನಾಗ ಇಪ್ಪತ್ತೆಂಟು ವರ್ಷ ನಡದೇನಿ, ನೀವೇನ್ ಕಲಸ್ತೀರಿ’ ಎಂದು ಅವರಿಗೇ ಪಾಠ ಹೇಳಲು ಹೋಗಬೇಡಿ. ಗುಳಿಗೆಯನ್ನು ಉಂಡ ಮೇಲೆ ತೆಗೆದುಕೊಳ್ಳಿ, ಬರಿ ಹೊಟ್ಟೆಯಲ್ಲಿ ನುಂಗಿ ಆಮೇಲೆ ಎದೆ ಉರಿ ಎಂದು ನರ್ಸಮ್ಮನ ಮೇಲೆ ರೇಗಬೇಡಿ. ಪರಮೇಶಪ್ಪನ ಹೆಂಡತಿ ದಿನಾ ರೊಟ್ಟಿ ಕಟ್ಟಿ ಕಳಿಸುತ್ತಾಳಂತೆ, ಪುಣ್ಯವಂತೆ. ಇಲ್ಲಿ ನನ್ನ ಬಿ.ಪಿ. ಏರಿದೆ. ಯಾಕೆ ಏರಿತೆಂದು ಮುಂದೆ ಓದಿದರೆ ತಿಳಿಯುತ್ತದೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಎರಡನೆಯ ಮಾತಿಗೇ ನೀವು ‘ಆತು, ಇಡು’ ಎಂದು ಕಟ್ ಮಾಡುತ್ತೀರಿ. ನೀವು ನೌಕರಿಯಲ್ಲಿದ್ದಷ್ಟು ವರ್ಷವೂ ಪತ್ರ ಬರೆದೇ ನಿಮ್ಮೊಡನೆ ಸಂಸಾರ ಮಾಡಿದವಳು ನಾನು. ಹೆರಿಗೆಯ ಸುದ್ದಿ, ನಿಮ್ಮ ತಾಯಿ ತೀರಿಕೊಂಡ ಸುದ್ದಿ, ಎಲ್ಲ ಕಾಗದದಲ್ಲೇ ತಿಳಿಸಿದ್ದೇನೆ. ಈ ಸುದ್ದಿಯೂ ಕಾಗದದಲ್ಲೇ ಬರಲಿ. ಹಾಸಿಗೆ ಬಿಟ್ಟು ಏಳಲು ಬರುವುದಿಲ್ಲ, ಪೂರ್ತಿ ಓದುತ್ತೀರಿ.

ನೀವು ಪುಣೆಗೆ ಹೋದ ಐದನೆಯ ದಿನ, ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ನಿಮ್ಮ ವಿಜಯಧ್ವಜ ಮಾಜಿ ಸೈನಿಕರ ಬಳಗದವರು ನಮ್ಮ ಮನೆಗೆ ಬಂದರು. ಉಪಾಧ್ಯಕ್ಷ ಪ್ರಭುಲಿಂಗಪ್ಪ, ಕಾರ್ಯದರ್ಶಿ ಮನೋಹರ, ಹಿಂದೆ ಡ್ರೈವರ್ ಅಲ್ಲಾಬಕ್ಷ. ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು, ನಾನೂ ಸೊಸೆ ನಾಗಲಕ್ಷ್ಮಿಯೂ ಕುಳಿತು ತೊಟ್ಟು ಮುರಿಯುತ್ತಿದ್ದೆವು. ಆ ಬಿಸಿಲಿನಲ್ಲಿ ಕೋಟು ಹಾಕಿ, ಎದೆಗೆ ಮೆಡಲು ಚುಚ್ಚಿಕೊಂಡು, ಕವಾಯತಿಗೆ ನಿಂತವರ ಹಾಗೆ ಅಂಗಳದಲ್ಲಿ ನಿಂತರು. ಮರುಗಳಿಗೆಗೆ ಘಾಟು ಏರಿ ಪ್ರಭುಲಿಂಗಪ್ಪನವರಿಗೆ ಸೀನು ಹತ್ತಿತು. ಒಂದಾದ ಮೇಲೊಂದು ಹನ್ನೊಂದು ಸೀನು, ಮೆಡಲೆಲ್ಲ ಗಲಗಲ. ನಗು ಬಂತು, ತಡೆದುಕೊಂಡು ಕಟ್ಟೆಯ ಮೇಲೆ ಕುಂದ್ರಿ ಎಂದೆ, ಚಹಾ ಇಟ್ಟೆ. ಇವರು ಯಾವ ಕೆಲಸಕ್ಕೆ ಬಂದಿದ್ದಾರೆಂದು ಗೊತ್ತಿದ್ದರೆ ನೀರೂ ಕೊಡುತ್ತಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಈ ಬಳಗವನ್ನು ನೀವು ಕಟ್ಟಿದಾಗ ನನಗೂ ಹೆಮ್ಮೆ ಇತ್ತು. ಅಗಡಿಯ ಉಚ್ಚಂಗೆವ್ವನ ಗಂಡನ ಪಿಂಚಣಿ ಕಾಗದಪತ್ರಕ್ಕಾಗಿ ನೀವು ಹಾವೇರಿಗೆ ಎಷ್ಟು ಸಲ ಅಲೆದಿರಿ! ನಮ್ಮ ಮಗ ಮಾಂತೇಶ ಗಡಿಯಲ್ಲಿ ಹಿಮದಡಿ ಸಿಕ್ಕು ಹೋದಾಗ ಇದೇ ಮಂದಿ ಮೂರು ದಿನ ಮನೆಯ ಮುಂದೆ ನೆಲದ ಮೇಲೆ ಕುಳಿತಿದ್ದರು, ಅದನ್ನು ನಾನು ಮರೆತಿಲ್ಲ. ಆದರೆ ಆಮೇಲೆ ಏನಾಯಿತು? ವರ್ಷಕ್ಕೆ ಮೂರು ಸಲ ನಮ್ಮ ಸೊಸೆಯನ್ನು ವೇದಿಕೆಗೆ ಹತ್ತಿಸುವುದೇ ಬಳಗದ ಕೆಲಸವಾಯಿತು. ಅದೇ ಶಾಲು, ಅದೇ ಹಾರ, ಅದೇ ಫೋಟೋ. ಹಿಂದಿನ ದಿನವೇ ಮನೋಹರನ ಫೋನು: ‘ವೈನಿಯವರ, ತಿಳಿ ಬಣ್ಣದ ಸೀರಿ ಉಡಸ್ರಿ, ಹೂ ಬ್ಯಾಡ, ಫೋಟೋದಾಗ ಛಲೋ ಬರೂದಿಲ್ಲ.’ ನಿರೂಪಣೆ ಮಾಡುವ ಮಾಸ್ತರರಿಗೆ ಅವನು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ: ‘ಸುದ್ದಿ ಬಂದ ದಿನದ್ದು ಕೇಳ್ರಿ, ಆಕಿ ಅತ್ತಾಗ ಮಂದಿ ಎದ್ದು ನಿಂದರ್ತಾರ.’ ಹೆಣ್ಣಿನ ಅಳುವನ್ನು ಕಾರ್ಯಕ್ರಮಪಟ್ಟಿಯಲ್ಲಿ ಹಾಕುವ ಮಂದಿಯನ್ನು ಏನೆಂದು ಕರೆಯಬೇಕು ನೀವೇ ಹೇಳಿ. ನನಗೆ ಬಾಯಿಗೆ ಬರುವ ಮಾತು ಬರೆಯುವಂಥದ್ದಲ್ಲ.

ಈ ಸಲ ಜನವರಿ ಇಪ್ಪತ್ತಾರಕ್ಕೆ ಬ್ಯಾಡಗಿಯಲ್ಲಿ ಮಾಂತೇಶನ ಕಟ್ಟು ಹಾಕಿದ ಫೋಟೋವನ್ನು ಅವಳ ಕೈಗೆ ಕೊಟ್ಟು ನಿಲ್ಲಿಸಿದರು. ಭಾಷಣದ ಮೇಲೆ ಭಾಷಣ. ಎರಡು ತಾಸು. ಹುಡುಗಿ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಲೇ ಇದ್ದಳು. ಹತ್ತಡಿ ದೂರದಲ್ಲಿ ನೀವು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತಿದ್ದಿರಿ, ಎದ್ದು ಆ ಫೋಟೋ ಇಸಿದುಕೊಳ್ಳಲಿಲ್ಲ. ಮನೆಗೆ ಬಂದವಳು ಕೈಕಾಲು ತೊಳೆದು ನಮ್ಮಿಬ್ಬರ ಮುಂದೆ ಕುಳಿತು ಹೇಳಿದಳು: ‘ಅತ್ತಿ, ನಾ ಇನ್ನ ಹೋಗೂದಿಲ್ಲ. ಅವರನ್ನ ನೆನಸಾಕ ನನಗ ಇವರ ಮೈಕು ಬೇಕಾಗಿಲ್ಲ.’ ಇನ್ನೊಂದು ಮಾತೂ ಹೇಳಿದಳು. ರಾಣೆಬೆನ್ನೂರಿನಲ್ಲಿ ಅವಳು ಕೆಲಸ ಮಾಡುವ ಲ್ಯಾಬಿನ ಎದುರಿಗೆ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಹಲಗೇರಿಯ ಚನ್ನೇಶ ಅವಳನ್ನು ಮದುವೆಗೆ ಕೇಳಿದ್ದಾನೆ. ‘ನೀವಿಬ್ಬರೂ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ’ ಎಂದಳು.

ಖರೇ ಹೇಳುತ್ತೇನೆ, ಮೊದಲು ನನಗೂ ಮನಸ್ಸು ಒಪ್ಪಲಿಲ್ಲ. ಮಾಂತೇಶ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಇವಳು ಬೇರೆಯವನ ಮನೆಗೆ ಹೋದರೆ ಅವನು ಇನ್ನೊಂದು ಸಲ ಹೋದಂತೆ ಅನ್ನಿಸಿತು. ಹಿತ್ತಲಿಗೆ ಹೋಗಿ ಅತ್ತೆ. ಆದರೆ ಮಾರನೆಯ ದಿನ ನಾನೇ ಯಾವುದೋ ನೆವ ಮಾಡಿಕೊಂಡು ರಾಣೆಬೆನ್ನೂರಿಗೆ ಹೋಗಿ ಆ ಚನ್ನೇಶನನ್ನು ನೋಡಿಬಂದೆ. ಕೈಗೆಲ್ಲ ಗ್ರೀಸು. ನನ್ನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಸ್ಟೂಲು ಕೊಟ್ಟ. ‘ಆಕಿ ಮಾಂತೇಶಣ್ಣನ ಫೋಟೋ ತರತಾಳ್ರಿ, ಗ್ವಾಡಿ ಮ್ಯಾಲ ಜಾಗಾ ನೋಡೇನಿ’ ಎಂದ. ಇಷ್ಟೇ ಸಾಕಾಯಿತು ನನಗೆ. ಹುಡುಗಿಗೆ ಮೂವತ್ತು ವರ್ಷ, ನಮ್ಮ ಮಗನೊಂದಿಗೆ ಬಾಳಿದ್ದು ಹದಿನಾಲ್ಕು ತಿಂಗಳು. ನಾಳೆ ನಾವಿಬ್ಬರೂ ಕಣ್ಣು ಮುಚ್ಚಿದ ಮೇಲೆ ಅವಳಿಗೆ ಯಾರು? ಇದನ್ನೇ ನಿಮಗೆ ಹೇಳಿದೆ. ನೀವು ‘ವಿಚಾರ ಮಾಡೂಣು’ ಎಂದಿರಿ. ನಾನು ನಂಬಿದೆ.

ಈಗ ಶುಕ್ರವಾರದ ಮಾತಿಗೆ ಬರುತ್ತೇನೆ. ಚಹಾ ಕುಡಿದು ಮುಗಿಸಿ ಪ್ರಭುಲಿಂಗಪ್ಪ ಗಂಟಲು ಸರಿಮಾಡಿಕೊಂಡರು. ಮನೋಹರ ಬಗಲಚೀಲದಿಂದ ಬಳಗದ ಠರಾವು ಪುಸ್ತಕ ತೆಗೆದು, ಎದ್ದು ನಿಂತು, ಆರ್ಡರ್ ಓದುವವನ ಹಾಗೆ ಓದಿದ. ಹುತಾತ್ಮ ಯೋಧನ ಪತ್ನಿಯು ತಾಲ್ಲೂಕಿನ ಹೆಮ್ಮೆಯಾಗಿದ್ದು, ಬರುವ ತಿಂಗಳು ಯೋಧನ ಪುತ್ಥಳಿಯ ಅನಾವರಣವಿರುವುದರಿಂದ, ಮರುವಿವಾಹದ ವಿಚಾರವನ್ನು ಕೈಬಿಡಬೇಕೆಂದು ಬಳಗವು ಸರ್ವಾನುಮತದಿಂದ ನಿರ್ಣಯಿಸಿದೆ! ಕೆಳಗೆ ದುಂಡು ಮೊಹರು. ಅಲ್ಲಾ, ಇವರಿಗೆ ಠರಾವು ಮಾಡಲು ಬೇರೆ ಏನೂ ಸಿಗಲಿಲ್ಲವೇ? ಸೈನ್ಯದಲ್ಲಿ ರಜೆಗೂ ಅಪ್ಪಣೆ, ಗಡ್ಡಕ್ಕೂ ಅಪ್ಪಣೆ ಎಂದು ಬದುಕಿದವರು, ಸೈನಿಕನ ಹೆಂಡತಿಯೂ ತಮ್ಮ ತುಕಡಿಯಲ್ಲೇ ಭರ್ತಿಯಾಗಿದ್ದಾಳೆಂದು ತಿಳಿದಿದ್ದಾರೆ.

ನಾಗಲಕ್ಷ್ಮಿ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. ಪ್ರಭುಲಿಂಗಪ್ಪನವರ ಉಪದೇಶ ಬೇರೆ: ‘ನೋಡವಾ ತಂಗಿ, ಹುತಾತ್ಮನ ಹೇಂತಿ ಅಂದ್ರ ಊರಿನ ಆಸ್ತಿ ಇದ್ದಂಗ. ಮಂತ್ರಿ ಬರಾಂವ ಅದಾನ. ಮೂರ್ತಿ ಪಕ್ಕದಾಗ ನೀ ಇರ್ಲಿಲ್ಲಂದ್ರ ನಮ್ಮ ಮಾರಿ ಎಲ್ಲಿ ಇಟ್ಕೊಳ್ಳೂದು?’ ನನ್ನ ಪಿತ್ತ ನೆತ್ತಿಗೇರಿತು. ‘ಊರಿನ ಆಸ್ತಿ ಅಂದ್ರ ಏನ್ರಿ? ಆಕಿ ಏನ್ ಊರ ಗಾಂವಠಾಣಾ ಜಾಗಾ ಏನು, ಮಂದಿ ಕೂಡಿ ಬೇಲಿ ಹಾಕಾಕ? ನಿಮ್ಮ ಮಾರಿ ಎಲ್ಲಿ ಇಡ್ತೀರೋ ಇಡ್ರಿ, ನನ್ನ ಅಂಗಳದಾಗ ಮಾತ್ರ ಬ್ಯಾಡ’ ಎಂದೆ. ಆಗ ಮನೋಹರ ನಕ್ಕ. ಸಣ್ಣ ನಗು, ಆಫೀಸಿನ ನಗು. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ‘ವೈನಿಯವರ, ಮೊದಲನೇ ಸಹಿ ಯಾರದೈತಿ ನೋಡ್ರಿ’ ಎಂದ.

ನೋಡಿದೆ. ನಿಮ್ಮದು. ತಾರೀಕು ಒಂದು ಫೆಬ್ರುವರಿ, ನೀವು ರೈಲು ಹತ್ತುವ ಹಿಂದಿನ ದಿನದ್ದು. ಅಂದು ಸಂಜೆ ನಾನು ನಿಮ್ಮ ಚೀಲಕ್ಕೆ ಶೇಂಗಾ ಹೋಳಿಗೆ ತುಂಬುತ್ತಿದ್ದೆ, ನಾಗಲಕ್ಷ್ಮಿ ನಿಮ್ಮ ಎಕ್ಸ್‌ರೇ ಚೀಟಿಗಳನ್ನು ಜೋಡಿಸಿ ಫೈಲು ಮಾಡುತ್ತಿದ್ದಳು. ನೀವು ಅವಳ ಬಾಳಿನ ಮೇಲೆ ಸಹಿ ಮಾಡಿ ಬಂದು, ಅವಳ ಕೈಯಿಂದಲೇ ನೀರು ಇಸಿದುಕೊಂಡು ಕುಡಿದಿರಿ. ಮನೆಯಲ್ಲಿ ‘ವಿಚಾರ ಮಾಡೂಣು’, ಹೊರಗೆ ಠರಾವು. ಎದುರು ನಿಂತು ‘ನನಗೆ ಮನಸ್ಸಿಲ್ಲ’ ಎಂದಿದ್ದರೆ ಜಗಳಾಡುತ್ತಿದ್ದೆ, ಸೋಲುತ್ತಲೂ ಇದ್ದೆನೇನೋ. ಮುಖಕ್ಕೆ ಹೇಳುವ ಧೈರ್ಯವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿ, ಮೂವರಿಗೆ ಮೆಡಲು ಹಾಕಿಸಿ ಮನೆಗೆ ಅಟ್ಟಿದಿರಲ್ಲ! ಗುಂಡಿಗೆ ಅಂಜದ ಸುಬೇದಾರ್ ಹನುಮಪ್ಪನವರು ಸೊಸೆಯ ಮುಖಕ್ಕೆ ಅಂಜಿದರು. ನಲವತ್ತು ವರ್ಷದ ಸಂಸಾರದಲ್ಲಿ ನಿಮ್ಮ ಮೇಲೆ ಸಿಟ್ಟು ಬಂದದ್ದು ಎಷ್ಟೋ ಸಲ. ಹೇಸಿಗೆ ಬಂದದ್ದು ಇದೇ ಮೊದಲು.

ಮಗನ ಮೂರ್ತಿಯ ಮೇಲೆ ನಿಮಗೆಷ್ಟು ಆಸೆ ಇದೆಯೆಂದು ಗೊತ್ತು. ಬಸ್ಸು ನಿಲ್ಲುವಲ್ಲಿ ಅವನು ನಿಂತಿರಬೇಕು, ಹೋಗಿಬರುವವರು ನೋಡಬೇಕು, ಅಪ್ಪನಿಗೆ ಆ ಆಸೆ ತಪ್ಪಲ್ಲ. ನನಗೂ ಇದೆ. ಆದರೆ ಅವನನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಲು ಜೀವಂತ ಹುಡುಗಿಯನ್ನು ಪಕ್ಕದಲ್ಲಿ ಕಲ್ಲಾಗಿ ನಿಲ್ಲು ಎನ್ನುವುದು ಯಾವ ನ್ಯಾಯ? ಮಾಂತೇಶನೇ ಇದ್ದು ಕೇಳಿದ್ದರೆ ನಿಮ್ಮ ಬಳಗದವರನ್ನು ಅಂಗಳ ದಾಟಿಸಿ ಬರುತ್ತಿದ್ದ.

ಅವರನ್ನು ಕಳಿಸಿದ ಮೇಲೆ ನಾಗಲಕ್ಷ್ಮಿ ನಿಮ್ಮ ಸಹಿಯ ಮಾತೊಂದನ್ನೇ ಹಿಡಿದಳು. ‘ಬಿಡ್ರಿ ಅತ್ತಿ, ಮಾವಾರು ಒಲ್ಲೆ ಅಂದಾರ. ಅವರ ಮನಸ್ಸು ಮುರದು ನಾ ಎಲ್ಲಿ ಸುಖಾ ಬಡ್ಯಾಕಿ? ಚನ್ನೇಶ ಅವರಿಗೆ ನಾಳೆ ಬ್ಯಾಡಂತ ಹೇಳತೇನಿ’ ಎಂದು ಮತ್ತೆ ತೊಟ್ಟು ಮುರಿಯಲು ಕುಳಿತಳು. ಅಳಲಿಲ್ಲ. ವೇದಿಕೆಯ ಮೇಲೆ ಅಳಿಸಿ ಅಳಿಸಿ ಅವಳ ಕಣ್ಣೀರೂ ಬತ್ತಿಸಿದ್ದೀರಿ ನೀವೆಲ್ಲ ಕೂಡಿ. ಸಂಜೆಗೆ ಅಲ್ಲಾಬಕ್ಷ ಒಬ್ಬನೇ ವಾಪಸ್ಸು ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು, ‘ವೈನಿ, ಸರ್ವಾನುಮತ ಅನ್ನೂದು ಸುಳ್ಳ್ರಿ. ನಾ ಸಹಿ ಮಾಡಿಲ್ಲ. ಗಾಡಿ ಹೊಡಿ ಅಂದ್ರು, ಹೊಡಕೊಂಡ ಬಂದೆ, ಅದಕ್ಕೂ ನಾಚಿಕಿ ಆಗೈತಿ’ ಎಂದ. ನಿಮ್ಮ ಅಷ್ಟೂ ಮೆಡಲುಗಳ ನಡುವೆ ಒಬ್ಬನಾದರೂ ಮನುಷ್ಯ ಇದ್ದಾನಲ್ಲ ಎಂದುಕೊಂಡೆ.

ಇಷ್ಟೇ ಸುದ್ದಿ. ಮೆಣಸಿನಕಾಯಿ ಇನ್ನೆರಡು ದಿನದ ಬಿಸಿಲು ಉಂಡರೆ ಚೀಲ ತುಂಬಬಹುದು. ಎಮ್ಮೆ ಗಬ್ಬಾಗಿದೆ. ಪರಮೇಶಪ್ಪನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ ಹೇಳಿ. ಇಷ್ಟೆಲ್ಲ ಬೈದರೂ ನಿಮ್ಮ ಮೊಣಕಾಲಿಗಾಗಿ ಗುಡಿಗೆ ಹೋಗಿ ನಮ್ಮೂರ ದೇವರು ಕಾಂತೇಶನಿಗೆ ಎಣ್ಣೆ ಹಾಕಿ ಬಂದಿದ್ದೇನೆ, ಅದು ಬೇರೆ, ಇದು ಬೇರೆ.

ನಿಮ್ಮ
ರೇಣುಕವ್ವ

ತಾ.ಕ.: ಅಂಚೆಯವನು ಹೊರಡುವ ಹೊತ್ತಾಯಿತು, ಲಗುಬಗೆಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಭಾರತ ಹುಣ್ಣಿಮೆಯ ದಿನ ಹಲಗೇರಿಯಲ್ಲಿ, ಚನ್ನೇಶನ ಮನೆಯಂಗಳದಲ್ಲಿ, ನಾಗಲಕ್ಷ್ಮಿಯ ಮದುವೆ ಆಯಿತು. ನಿಮ್ಮ ಮನಸ್ಸು ನೋಯುತ್ತದೆಂದು ಅವಳು ಒಲ್ಲೆ ಎಂದೇ ಹೇಳುತ್ತಿದ್ದಳು, ಅದಕ್ಕೇ ಚನ್ನೇಶನಿಗೆ ನಾನೇ ಹೂಂ ಎಂದು ತಿಳಿಸಿ, ಅವಳ ಕೈಹಿಡಿದು ಗಾಡಿ ಹತ್ತಿಸಿದೆ. ಗಾಡಿ ಹೊಡೆದವನು ಅಲ್ಲಾಬಕ್ಷ. ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ನೋಂದಣಿಗೆ ಹೋದಾಗ, ಸಾಕ್ಷಿಯ ಕಾಲಂ ತುಂಬುತ್ತ ಅಲ್ಲಿನ ಗುಮಾಸ್ತೆ ‘ನೀವು ಹುಡುಗಿಗೆ ಏನಾಗಬೇಕ್ರಿ’ ಎಂದು ಕೇಳಿದಳು. ‘ತಾಯಿ’ ಎಂದು ಬರೆಸಿ ಸಹಿ ಹಾಕಿದೆ. ನಿಮಗೊಬ್ಬರಿಗೇ ಸಹಿ ಹಾಕಲು ಬರುತ್ತದೆಯೇ, ನನಗೂ ಬರುತ್ತದೆ. ನೀವು ಊರಿಗೆ ಬರುವ ಹೊತ್ತಿಗೆ ಮಗಳು ಅಳಿಯ ಮನೆಯಲ್ಲಿ ಉಣ್ಣಲು ಬಂದಿರುತ್ತಾರೆ. ಅವರ ತಲೆಯ ಮೇಲೆ ಅಕ್ಕಿಕಾಳು ಹಾಕುವ ಮನಸ್ಸಿದ್ದರೆ ನೆಟ್ಟಗೆ ಮನೆಗೆ ಬನ್ನಿ. ಅಧ್ಯಕ್ಷರಾಗಿಯೇ ಬರುವುದಾದರೆ ಬಳಗದ ಆಫೀಸಿಗೇ ಇಳಿದುಬಿಡಿ, ನಿಮ್ಮ ಹಾಸಿಗೆ ಅಲ್ಲಿಗೇ ಕಳಿಸುತ್ತೇನೆ.